ನೆಟ್ ಯಾರ ಕೈಲಿತ್ತು?

ಭಾಗ 1/8

ಫೋಟೋದಲ್ಲಿರೋದು ನನ್ನದೇ ಫೋನಿನ ಸ್ಕ್ರೀನ್ ಟೈಮ್. ಕಳೆದ ಭಾನುವಾರದ್ದು. 6 ಗಂಟೆ 12 ನಿಮಿಷ. ನಗಬೇಡಿ, ನಿಮ್ಮದೂ ಒಂದ್ಸಲ ತೆಗೆದು ನೋಡಿ.

ಹೋದ ತಿಂಗಳು ಕಾಲೇಜಲ್ಲಿ ಪ್ರಬಂಧ ಸ್ಪರ್ಧೆ ಇತ್ತು. ವಿಷಯ: ‘ಯುವಜನರ ದಿನನಿತ್ಯದ ಬದುಕಿನಲ್ಲಿ ಇಂಟರ್‌ನೆಟ್’. ನಾವೆಲ್ಲ ಬರೆದಿದ್ದು ಒಂದೇ ತರ. ಒಂದು ಪುಟ ಅನುಕೂಲ, ಒಂದು ಪುಟ ಅನಾನುಕೂಲ, ಕೊನೆಗೆ ‘ಅತಿಯಾದರೆ ಅಮೃತವೂ ವಿಷ’. ನಾನೂ ಹಾಗೇ ಬರೆದೆ. ಬಹುಮಾನ ಬರಲಿಲ್ಲ, ಅದು ಬೇರೆ ಮಾತು. ಆದ್ರೆ ಬಿಎ ಹಿಸ್ಟರಿ ಓದೋರು ಇಷ್ಟು ಜನ ಇದ್ದೂ ಇದರ ಇತಿಹಾಸವನ್ನ ಒಬ್ಬರೂ ಬರೀಲಿಲ್ಲ ಅಂತ ಆಮೇಲೆ ಹೊಳೀತು.

ಕ್ಯಾಂಟೀನಲ್ಲಿ ಎಲ್ರಿಗೂ ಒಂದೇ ಪ್ರಶ್ನೆ ಕೇಳಿದೆ: ನಿಮ್ಮನೆಗೆ ನೆಟ್ ಬಂದಿದ್ದು ಯಾವಾಗ? ಶಿವಮೊಗ್ಗ ಪೇಟೆಯವಳು, ‘ನಾನು ಹುಟ್ಟೋಕೆ ಮುಂಚೇನೇ ಇತ್ತಂತೆ, ಕಂಪ್ಯೂಟರ್‌ನಲ್ಲಿ’ ಅಂದ್ಲು. ಇನ್ನೊಬ್ಬ, ‘2017, ಮಾವ ಫೋನ್ ತಂದಾಗ’ ಅಂದ. ಹೊಸನಗರ ಕಡೆಯವನು, ‘ಮನೆಗೆ ಇನ್ನೂ ಬಂದಿಲ್ಲ, ಮನೆ ಹಿಂದಿನ ಗುಡ್ಡಕ್ಕೆ ಬಂದಿದೆ’ ಅಂದ. ಎಲ್ರೂ ನಕ್ಕರು. ನಾನೂ ನಕ್ಕೆ.

ಒಂದೇ ಕ್ಲಾಸು, ಹೆಚ್ಚುಕಮ್ಮಿ ಒಂದೇ ವಯಸ್ಸು, ಆದ್ರೆ ತಾರೀಖು ಮಾತ್ರ ಬೇರೆ ಬೇರೆ. ‘ಇಂಟರ್‌ನೆಟ್ ಪೀಳಿಗೆ’ ಅಂತ ನಮ್ಮನ್ನೆಲ್ಲ ಒಂದೇ ಚೀಲಕ್ಕೆ ತುಂಬ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ನೆಟ್ ಯಾವಾಗ ಬಂತು ಅನ್ನೋದಕ್ಕಿಂತ ಯಾರ ಕೈಲಿತ್ತು, ಉಳಿದವರು ಯಾರನ್ನ ಕೇಳಿ ಮುಟ್ಟಬೇಕಿತ್ತು ಅನ್ನೋದೇ ಇದರ ಇತಿಹಾಸ ಅಂತ ನನಗನ್ಸುತ್ತೆ. 8 ಭಾಗದಲ್ಲಿ ಹೇಳ್ತೀನಿ. 6ನೇ ಭಾಗದಲ್ಲಿ ನನ್ನದೇ ಒಂದು ತಪ್ಪಿದೆ. ಅದನ್ನ ಹೇಳೋಕೇ ಇಷ್ಟೆಲ್ಲ ಶುರು ಮಾಡಿದ್ದು.

ಭಾಗ 2/8

ಫೋಟೋದಲ್ಲಿ: ನಮ್ಮ ಕಾಲೇಜು ಲ್ಯಾಬ್‌ನ ಬೀರುವಿನಲ್ಲಿ ಧೂಳು ಹಿಡಿದು ಕೂತಿರೋ ಹಳೇ ಮೋಡೆಮ್. ಕೆಲಸ ಮಾಡಲ್ಲ.

ನಮ್ಮ ದೇಶದಲ್ಲಿ ಕಂಪ್ಯೂಟರ್‌ಗಳನ್ನ ಒಂದಕ್ಕೊಂದು ಜೋಡಿಸೋ ಕೆಲಸ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು 1986ರಲ್ಲಿ, ಅರ್ನೆಟ್ ಅನ್ನೋ ಯೋಜನೆಯಿಂದ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಜೊತೆ ಐದು ಐಐಟಿಗಳು, ಮುಂಬೈನ ಒಂದು ಸಂಶೋಧನಾ ಸಂಸ್ಥೆ, ಮತ್ತೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್, ಅದರಲ್ಲಿದ್ವು. ಹಾಗಾಗಿ ಕರ್ನಾಟಕದಲ್ಲಿ ಇಮೇಲ್ ಕಂಡ ಮೊದಮೊದಲ ಹುಡುಗ ಹುಡುಗಿಯರಲ್ಲಿ ಅಲ್ಲಿನ ವಿದ್ಯಾರ್ಥಿಗಳೂ ಇದ್ರು ಅನ್ನಬಹುದು. ಆ ಗೇಟಿನ ಒಳಗೆ ಸೀಟು ಸಿಕ್ಕವರಿಗೆ ಮಾತ್ರ ಆ ಭಾಗ್ಯ.

ಜನಸಾಮಾನ್ಯರಿಗೆ ಬಾಗಿಲು ತೆಗೆದಿದ್ದು 1995ರ ಆಗಸ್ಟ್ 15. ವಿದೇಶ ಸಂಚಾರ ನಿಗಮ, ಅಂದ್ರೆ ವಿಎಸ್‌ಎನ್‌ಎಲ್, ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸ್‌ಗಳಲ್ಲಿ ಮೊದಲು ಸಂಪರ್ಕ ಕೊಟ್ಟಿತು. ಬೆಂಗಳೂರಿನ ಸರದಿ ಆಮೇಲೆ ಬಂತು.

ಆಗಿನ ಸ್ಪೀಡ್ ಎಷ್ಟು ಗೊತ್ತಾ? ಸಾಮಾನ್ಯ ಡಯಲ್ ಅಪ್‌ಗೆ ಸೆಕೆಂಡಿಗೆ 9.6 ಕಿಲೋಬಿಟ್. ಲೆಕ್ಕ ಹಾಕಿ ನೋಡಿ. ನಾವು ಈಗ ಫಟ್ ಅಂತ ಕಳಿಸೋ 3 ಎಂಬಿಯ ಒಂದು ಫೋಟೋ ಆಗ ಹೋಗಿ ತಲುಪೋಕೆ ಸುಮಾರು 40 ನಿಮಿಷ ಬೇಕಿತ್ತು. ಅದೂ ಮಧ್ಯದಲ್ಲಿ ಲೈನ್ ಕಟ್ ಆಗದಿದ್ರೆ. ಲ್ಯಾಂಡ್‌ಲೈನ್ ತಂತಿಯಲ್ಲೇ ನೆಟ್ ಬರ್ತಿದ್ದರಿಂದ ಮನೇಲಿ ಯಾರಾದ್ರೂ ನೆಟ್‌ನಲ್ಲಿದ್ರೆ ಬೇರೆಯವರು ಫೋನ್ ಮಾಡೋ ಹಾಗಿರಲಿಲ್ಲ.

ಅಂದ್ರೆ ನೆಟ್ ಬೇಕಂದ್ರೆ ಮೊದಲು ಕಂಪ್ಯೂಟರ್ ಬೇಕು, ಮೋಡೆಮ್ ಬೇಕು, ಲ್ಯಾಂಡ್‌ಲೈನ್ ಬೇಕು. ನಮ್ಮೂರ ಕಡೆ ಒಂದು ಫೋನ್ ಕನೆಕ್ಷನ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ವಿ ಅಂತ ಅಜ್ಜ ಹೇಳ್ತಾರೆ. 1995ರಲ್ಲಿ ಭಾರತಕ್ಕೆ ಇಂಟರ್‌ನೆಟ್ ಬಂತು ಅಂತ ನಾವು ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ. ಅಜ್ಜನ ಮನೆಗೆ ಆ ವರ್ಷ ಏನೂ ಬರಲಿಲ್ಲ.

ಭಾಗ 3/8

ಫೋಟೋದಲ್ಲಿ: ಸಾಗರದ ಒಂದು ಜೆರಾಕ್ಸ್ ಅಂಗಡಿ. ಬೋರ್ಡ್ ಸರಿಯಾಗಿ ನೋಡಿ, ಪೇಂಟ್ ಅಡಿಯಲ್ಲಿ ‘ಸೈಬರ್’ ಅನ್ನೋ ಅಕ್ಷರ ಇನ್ನೂ ಕಾಣುತ್ತೆ.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೀತು. ಚಿಕ್ಕಮಗಳೂರಿನ ಕಾಫಿ ಕುಟುಂಬದವರ ಅಂಗಡಿ ಅನ್ನೋದು ಎಲ್ರಿಗೂ ಗೊತ್ತು. ಅದು ಶುರುವಾಗಿದ್ದು ಕಾಫಿ ಜೊತೆ ಇಂಟರ್‌ನೆಟ್ ಕೊಡೋ ಸೈಬರ್ ಕೆಫೆಯಾಗಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಇಂಟರ್‌ನೆಟ್ ಸೇವೆ ಕೊಡೋಕೆ ಸರ್ಕಾರ ಅನುಮತಿ ಕೊಡ್ತು. ಅಲ್ಲಿಂದ ಸೈಬರ್‌ಗಳು ಜಿಲ್ಲಾ ಕೇಂದ್ರಕ್ಕೆ ಬಂದ್ವು, ಆಮೇಲೆ ತಾಲ್ಲೂಕಿಗೆ.

ನಮ್ಮ ದೊಡ್ಡಪ್ಪನ ಮಗಳು, ಅಕ್ಕ, 2009ರಲ್ಲಿ ಸೆಕೆಂಡ್ ಪಿಯುಸಿ. ರಿಸಲ್ಟ್ ದಿನ ಬಸ್ ಹತ್ತಿ ಇದೇ ಅಂಗಡಿಗೆ ಬಂದಿದ್ದಳು. ಮುಂದೆ ಮೂವತ್ತು ಜನ ಕ್ಯೂ. ಸೈಬರ್ ಅಣ್ಣ ಒಬ್ಬೊಬ್ಬರದೇ ರಿಜಿಸ್ಟರ್ ನಂಬರ್ ಹಾಕಿ, ಎಲ್ರಿಗೂ ಕೇಳೋ ಹಾಗೆ ‘ಪಾಸು’, ‘ಇಂಗ್ಲಿಷ್ ಹೋಗಿದೆ’ ಅಂತ ಕೂಗ್ತಿದ್ದನಂತೆ. ಅಕ್ಕ ಫಸ್ಟ್ ಕ್ಲಾಸು. ಪ್ರಿಂಟ್‌ಗೆ 10 ರೂಪಾಯಿ.

ಆಮೇಲೆ ಕೆಲಸದ ಅರ್ಜಿ ಹಾಕೋಕೂ ಅವಳು ಅಲ್ಲಿಗೇ ಹೋಗಬೇಕಿತ್ತು. ಒಬ್ಬಳೇ ಹೋಗೋ ಹಾಗಿರಲಿಲ್ಲ. ‘ಅಲ್ಲಿ ಎಂಥೆಂಥವರೋ ಇರ್ತಾರೆ, ತಮ್ಮನ್ನ ಕರ್ಕೊಂಡು ಹೋಗು’ ಅಂತಿದ್ರು ದೊಡ್ಡಪ್ಪ. ತಮ್ಮ ಆಗ ಆರನೇ ಕ್ಲಾಸು. ಅವನು ಗೇಮ್ ಆಡ್ತಿದ್ದ, ಅವಳು ಅರ್ಜಿ ತುಂಬ್ತಿದ್ದಳು.

2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂತು. ಗುರುತಿನ ಚೀಟಿ ಕಡ್ಡಾಯ. ಯಾರು ಬಂದ್ರು, ಎಷ್ಟು ಹೊತ್ತು ಕೂತ್ರು ಅಂತ ಪುಸ್ತಕದಲ್ಲಿ ಬರೆದು ಒಂದು ವರ್ಷ ಇಡಬೇಕು. ಕ್ಯಾಬಿನ್ನಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಅಂದ್ರೆ ನೆಟ್ ಅನ್ನೋದು ಆಗ ಒಂದು ಜಾಗ. ಹೋಗಬೇಕು, ಹೆಸರು ಬರೆಸಬೇಕು, ನಾಲ್ಕು ಜನರ ಕಣ್ಣೆದುರು ಕೂರಬೇಕು, ಟೈಮ್ ಆದ್ಮೇಲೆ ಎದ್ದು ಬರಬೇಕು. ಈ ‘ಎದ್ದು ಬರಬೇಕು’ ಅನ್ನೋದನ್ನ ನೆನಪಿಟ್ಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 4/8

ಫೋಟೋದಲ್ಲಿ: ಅದೇ ಜೆರಾಕ್ಸ್ ಅಂಗಡಿಯ ಕೀಬೋರ್ಡ್. ಕನ್ನಡದ ಸ್ಟಿಕ್ಕರ್‌ಗಳು ಅರ್ಧ ಉದುರಿ ಹೋಗಿವೆ.

ಸೈಬರ್‌ಗೆ ಹೋಗಿ ಕೂತ್ರೂ ಇನ್ನೊಂದು ಬಾಗಿಲಿತ್ತು. ಭಾಷೆ. ಅಕ್ಕ ಓದಿದ್ದು ಕನ್ನಡ ಮೀಡಿಯಂ, ತೆರೆದ್ರೆ ಎಲ್ಲಾ ಇಂಗ್ಲಿಷು. ಅವಳಿಗೆ ಆರ್ಕುಟ್‌ನಲ್ಲಿ ಅಕೌಂಟ್ ಇತ್ತು (2004ರಲ್ಲಿ ಶುರುವಾಗಿ 2014ರಲ್ಲಿ ಮುಚ್ಚಿದ್ದು, ನಿಮ್ಮ ಅಕ್ಕ ಅಣ್ಣಂದಿರನ್ನ ಕೇಳಿ). ಸ್ಕ್ರ್ಯಾಪ್ ಬರೀತಿದ್ದಿದ್ದು ಕನ್ನಡದಲ್ಲೇ, ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ.

ಯಾಕೆ ಹಾಗೆ? ಕಂಪ್ಯೂಟರ್‌ಗೆ ಅಕ್ಷರ ಅಂದ್ರೆ ಒಂದು ನಂಬರ್ ಅಷ್ಟೇ. ಮೊದಲು ಒಂದೊಂದು ಕನ್ನಡ ಫಾಂಟ್‌ಗೆ ಒಂದೊಂದು ನಂಬರ್ ಪದ್ಧತಿ ಇತ್ತು. ಒಂದರಲ್ಲಿ ಟೈಪ್ ಮಾಡಿದ್ದನ್ನ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದ್ರೆ ಬರೀ ಗೀಚಿದ ಹಾಗೆ ಕಾಣ್ತಿತ್ತು. ಯೂನಿಕೋಡ್ ಬಂದು ಪ್ರತಿ ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ನಂಬರ್ ಕೊಡ್ತು. ಅದರಲ್ಲಿ ‘ಕ’ ಅಕ್ಷರದ ನಂಬರ್ 3221. ಕನ್ನಡ ಯೂನಿಕೋಡ್‌ಗೆ ಸೇರಿದ್ದು 1991ರಲ್ಲೇ. ಆದ್ರೆ ನಮ್ಮ ಕಂಪ್ಯೂಟರ್‌ಗಳು, ಆಮೇಲೆ ಫೋನುಗಳು ಅದನ್ನ ಸರಿಯಾಗಿ ತೋರಿಸೋಕೆ ಎಷ್ಟೋ ವರ್ಷ ಹಿಡೀತು. ಹಳೇ ಫೋನುಗಳಲ್ಲಿ ಕನ್ನಡ ಮೆಸೇಜ್ ಬಂದ್ರೆ ಸಾಲಾಗಿ ಚೌಕ ಚೌಕ ಕಾಣ್ತಿದ್ದಿದ್ದು ನನಗೂ ನೆನಪಿದೆ.

ಈ ಮಧ್ಯೆ ಕೆಲಸ ಮಾಡಿದವರನ್ನ ನಾವು ನೆನೆಸೋದೇ ಇಲ್ಲ. ಕನ್ನಡದ ವ್ಯಂಜನ, ಸ್ವರಗಳನ್ನ ಇಂಗ್ಲಿಷ್ ಕೀಲಿಮಣೆಯ ಇಷ್ಟೇ ಕೀಲಿಗಳಲ್ಲಿ ಕೂರಿಸೋ ವಿನ್ಯಾಸ ಮಾಡಿದವರು ಕೆ.ಪಿ. ರಾವ್. ಕನ್ನಡ ಗಣಕ ಪರಿಷತ್ತಿನವರ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಅದೇ ಆಧಾರ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ತಂದ್ರು. ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಮೂಡುತ್ತಲ್ಲ, ಆ ಅಭ್ಯಾಸ ಎಷ್ಟೋ ಮನೆಗಳಿಗೆ ಬಂದಿದ್ದು ಅದರಿಂದ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅಲ್ಲಿ ಬರೆಯೋರಿಗೆ ಸಂಬಳ ಇಲ್ಲ.

ನೀವು ಈಗ ಈ ಕ್ಯಾಪ್ಶನ್ ಕನ್ನಡದಲ್ಲಿ ಓದ್ತಿರೋದು ಇವರೆಲ್ಲರ ದುಡಿಮೆಯಿಂದ. ಲೈಕ್ ಒತ್ತೋ ಮುಂಚೆ ಒಂದ್ಸಲ ನೆನೀರಿ.

ಭಾಗ 5/8

ಫೋಟೋದಲ್ಲಿ: ನಮ್ಮಣ್ಣನ ಮೊದಲ 4ಜಿ ಫೋನು. ಗ್ಲಾಸ್ ಒಡೆದಿದೆ, ಅಮ್ಮ ಇನ್ನೂ ಎಸೆಯೋಕೆ ಬಿಟ್ಟಿಲ್ಲ.

ಟ್ರಾಯ್ ಲೆಕ್ಕದ ಪ್ರಕಾರ 2014ರಲ್ಲಿ 1 ಜಿಬಿ ಮೊಬೈಲ್ ಡೇಟಾಗೆ ಸರಾಸರಿ ಸುಮಾರು 269 ರೂಪಾಯಿ. 2018ಕ್ಕೆ ಅದು 12 ರೂಪಾಯಿಗಿಂತ ಕೆಳಗೆ ಬಂತು. ನಡುವೆ ಏನಾಯ್ತು ಅಂತ ನಿಮಗೇ ಗೊತ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯ್ತು, ಮೊದಲ ತಿಂಗಳುಗಳು ಪೂರ್ತಿ ಫ್ರೀ. ಉಳಿದ ಕಂಪನಿಗಳೂ ರೇಟು ಇಳಿಸಲೇಬೇಕಾಯ್ತು.

ಅಣ್ಣ ಆಧಾರ್ ಜೆರಾಕ್ಸ್ ಹಿಡ್ಕೊಂಡು ಬೆಳಿಗ್ಗೆಯಿಂದ ಕ್ಯೂ ನಿಂತು ಸಿಮ್ ತಂದ. ನಾನಾಗ ಆರನೇ ಕ್ಲಾಸು. ಹಿಂದಿನ ತಿಂಗಳವರೆಗೆ ‘ನೆಟ್ ಆಫ್ ಮಾಡೋ, ಕರೆನ್ಸಿ ಖಾಲಿ ಆಗುತ್ತೆ’ ಅಂತಿದ್ದ ಮನೇಲಿ ರಾತ್ರಿಯಿಡೀ ಯಕ್ಷಗಾನದ ವಿಡಿಯೋ ಓಡ್ತಿತ್ತು. ಅಜ್ಜ ಕಣ್ಣರಳಿಸಿ ನೋಡ್ತಿದ್ರು. ಸಾಗರದ ಸೈಬರ್ ಜೆರಾಕ್ಸ್ ಅಂಗಡಿ ಆಗಿದ್ದೂ ಅದರ ಮುಂದಿನ ವರ್ಷ.

ಆದ್ರೆ ಫೋನು ಅಣ್ಣನದು. ಪಾಸ್‌ವರ್ಡ್ ಅವನದು. ಅವನು ಸ್ನಾನಕ್ಕೆ ಹೋದಾಗ ನನಗೆ ಹತ್ತು ನಿಮಿಷ. ಅಮ್ಮ ಅದನ್ನ ಮುಟ್ತಿರಲಿಲ್ಲ. ಅಡಿಕೆ ಒಣಗಿಸಿದ ದಿನ ಮಾತ್ರ, ‘ಮಳೆ ಬರುತ್ತೇನೋ, ನೋಡಿ ಹೇಳೋ’ ಅಂತ ಕೇಳ್ತಿದ್ದಳು. ಒಂದೊಂದ್ಸಲ ಅವನು ಗೇಮ್ ಮಧ್ಯ ಇದ್ರೆ ‘ಆಮೇಲೆ’ ಅಂತಿದ್ದ.

ನಮ್ಮನೆ ಕಥೆ ಮಾತ್ರ ಅಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ಯಾವತ್ತಾದ್ರೂ ಇಂಟರ್‌ನೆಟ್ ಬಳಸಿದ್ದೀರಾ’ ಅಂತ ಕೇಳಿದ್ರು. ದೇಶದಲ್ಲಿ ಹೌದು ಅಂದ ಗಂಡಸರು 100ಕ್ಕೆ 57, ಹೆಂಗಸರು 33. ಡೇಟಾ ಅಗ್ಗ ಆಗಿ ಮೂರ್ನಾಲ್ಕು ವರ್ಷ ಕಳೆದ ಮೇಲಿನ ಲೆಕ್ಕ ಇದು. ರೇಟು ಇಳಿದ ತಕ್ಷಣ ಪಾಸ್‌ವರ್ಡ್ ಕೈ ಬದಲಾಯಿಸಲ್ಲ.

ಭಾಗ 6/8

ಫೋಟೋದಲ್ಲಿ: ನಮ್ಮನೆ ಜಗಲಿಯ ಮೂಲೆ. ಸಿಗ್ನಲ್ ಎರಡು ಕಡ್ಡಿ ಬರೋ ಜಾಗ ಇದೊಂದೇ.

ಇದನ್ನ ನನ್ನ ಗೆಳತಿಯನ್ನ ಕೇಳಿಯೇ ಬರೀತಿದೀನಿ. ‘ಬರಿ, ಹೆಸರು ಮಾತ್ರ ಹಾಕಬೇಡ’ ಅಂದಳು.

2020ರ ಮಾರ್ಚಲ್ಲಿ ಶಾಲೆ ಮುಚ್ಚಿದ್ರು. ನಾವು ಹತ್ತನೇ ಕ್ಲಾಸಿಗೆ ಬಂದಿದ್ದು ಮನೇಲಿ ಕೂತೇ. ಚಂದನ ಟಿವಿಯಲ್ಲಿ ‘ಸಂವೇದ’ ಪಾಠ ಬರ್ತಿತ್ತು, ಕರೆಂಟ್ ಇದ್ದಾಗ. ಆಗಸ್ಟಲ್ಲಿ ‘ವಿದ್ಯಾಗಮ’ ಅಂತ ಮೇಷ್ಟ್ರುಗಳೇ ಊರಿಗೆ ಬಂದು ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದ್ರು. ಅಕ್ಟೋಬರಲ್ಲಿ ಕೊರೊನಾ ಭಯಕ್ಕೆ ಅದೂ ನಿಂತಿತು. ಉಳಿದಿದ್ದು ವಾಟ್ಸ್‌ಆ್ಯಪ್ ಗ್ರೂಪ್.

ಕೊರೊನಾ ಬರೋ ಮುಂಚೆಯೇ, 2017–18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ ಹೇಳಿತ್ತು: ದೇಶದ ಹಳ್ಳಿಗಳಲ್ಲಿ 100 ಮನೆಗಳಲ್ಲಿ ಸುಮಾರು 15ಕ್ಕೆ ಮಾತ್ರ ಇಂಟರ್‌ನೆಟ್ ಸೌಲಭ್ಯ ಇದೆ, ಪಟ್ಟಣಗಳಲ್ಲಿ 42ಕ್ಕೆ. ಹಾಗಿದ್ದೂ ಪಾಠ ನೆಟ್‌ಗೆ ಹೋಯ್ತು.

ನಮ್ಮಪ್ಪ ಸಾಲ ಮಾಡಿ 8,000 ರೂಪಾಯಿಯ ಫೋನ್ ತಂದುಕೊಟ್ಟರು. ಅವಳ ಮನೇಲಿದ್ದಿದ್ದು ಬಟನ್ ಫೋನು. ಅವಳಪ್ಪ ಕೂಲಿ, ಆಗ ಕೆಲಸವೂ ಇಲ್ಲ. ಹಾಗಾಗಿ ಸಂಜೆ ಒಂದು ಕಿಲೋಮೀಟರ್ ನಡೆದು ನಮ್ಮನೆಗೆ ಬಂದು, ಇದೇ ಜಗಲಿ ಮೂಲೇಲಿ ಕೂತು, ಮೇಷ್ಟ್ರು ಕಳಿಸಿದ್ದನ್ನೆಲ್ಲ ನೋಟ್ಸ್‌ಗೆ ಇಳಿಸ್ಕೊಳ್ತಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ನನಗೂ ಹೇಳಿಕೊಡ್ತಿದ್ದಳು.

ಆ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆಗಿ, ಜುಲೈನಲ್ಲಿ ರೀಲ್ಸ್ ಬಂದಿತ್ತು. ನಾನು ಅದರಲ್ಲಿ ಮುಳುಗಿ ಹೋಗಿದ್ದೆ. ನವೆಂಬರಿನ ಒಂದು ಸಂಜೆ ಅವಳು ಬಂದಾಗ ಮಧ್ಯದಲ್ಲಿ ಬಿಡೋಕೆ ಮನಸ್ಸಾಗಲಿಲ್ಲ. ‘ಚಾರ್ಜ್ ಇಲ್ಲ ಕಣೇ, ನಾಳೆ ಬಾ’ ಅಂದೆ. ಫೋನಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇತ್ತು. ಅವಳಿಗೆ ಸ್ಕ್ರೀನ್ ಕಾಣ್ತಿತ್ತು ಕೂಡ. ಏನೂ ಅನ್ನಲಿಲ್ಲ. ‘ಸರಿ’ ಅಂತ ಹೋದಳು.

ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಅಡಿಕೆ ಸುಲಿಯೋ ಸೀಸನ್, ಅಮ್ಮನ ಜೊತೆ ಕೆಲಸಕ್ಕೆ ಹೋಗೋಕೆ ಶುರು ಮಾಡಿದಳು. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸ್ ಮತ್ತೆ ಶುರುವಾದಾಗ ಅವಳ ಜಾಗ ಖಾಲಿ ಇತ್ತು. ಆ ವರ್ಷ ನಾವೆಲ್ಲ ಎರಡೇ ದಿನ ಪರೀಕ್ಷೆ ಬರೆದು ಪಾಸಾದ್ವಿ.

ಭಾಗ 7/8

ಫೋಟೋದಲ್ಲಿ: ಹಾಸ್ಟೆಲ್ ಗೋಡೆಯ ನೋಟಿಸ್. ಯಾವ ಹಾಸ್ಟೆಲ್ ಅಂತ ಕೇಳಬೇಡಿ. ‘ರಾತ್ರಿ 9ರ ನಂತರ ಮೊಬೈಲ್ ನಿಷೇಧಿಸಲಾಗಿದೆ.’ ಹುಡುಗರ ಹಾಸ್ಟೆಲ್‌ನಲ್ಲಿ ಇಂಥ ನೋಟಿಸ್ ಇಲ್ಲ ಅಂತ ವಿಚಾರಿಸಿ ಹೇಳ್ತಿದೀನಿ.

ಇದೇ ತರದ ವಿಷಯಕ್ಕೆ ಕೇರಳದ ಒಬ್ಬ ಹುಡುಗಿ ಕೋರ್ಟಿಗೆ ಹೋದಳು. ಹೆಸರು ಫಹೀಮಾ ಶಿರಿನ್. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರಲ್ಲಿ ಬಿಎ ಇಂಗ್ಲಿಷ್. ಅವಳ ಹಾಸ್ಟೆಲ್‌ನಲ್ಲಿ ಮೊದಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಫೋನ್ ಇಟ್ಕೊಳ್ಳೋ ಹಾಗಿರಲಿಲ್ಲ. ಆಮೇಲೆ ಅದನ್ನ ಸಂಜೆ 6ರಿಂದ 10 ಅಂತ ಮಾಡಿದ್ರು. ಓದೋ ಟೈಮೇ ಅದು, ಓದೋಕೇ ನೆಟ್ ಬೇಕು, ನಾನು ಫೋನ್ ಕೊಡಲ್ಲ ಅಂದಳು. ಹಾಸ್ಟೆಲ್‌ನಿಂದ ಹೊರಗೆ ಹಾಕಿದ್ರು.

2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್ ತೀರ್ಪು ಕೊಡ್ತು. ಇಂಟರ್‌ನೆಟ್ ಬಳಸೋ ಹಕ್ಕು, ಶಿಕ್ಷಣದ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿ ಕೊಡೋ ಖಾಸಗಿತನದ ಹಕ್ಕಿನ ಭಾಗವೂ ಹೌದು. ಶಿಸ್ತಿನ ಹೆಸರಲ್ಲಿ ಅದನ್ನ ಕಿತ್ಕೊಳ್ಳೋ ಹಾಗಿಲ್ಲ, ಅವಳನ್ನ ವಾಪಸ್ ಸೇರಿಸ್ಕೊಳ್ಳಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಅದಕ್ಕೂ ಎರಡು ವರ್ಷ ಮುಂಚೆ, 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಚಾರವಾಗಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಬೆಂಗಳೂರಿನ ಅಜ್ಜರೊಬ್ಬರು ಗೆದ್ದುಕೊಟ್ಟ ಮಾತು ಕೋಯಿಕ್ಕೋಡ್‌ನ ಹುಡುಗಿಯ ಕೈಗೆ ಬಂತು.

ನನಗೆ ಇಷ್ಟ ಆಗಿದ್ದು ಅವಳ ವಾದ. ‘ನನಗೆ ಫೋನ್ ಆಡೋಕೆ ಬಿಡಿ’ ಅಂತ ಅವಳು ಕೇಳಲಿಲ್ಲ. ‘ನಾನು ಓದಬೇಕು’ ಅಂದಳು. ನನ್ನ ಗೆಳತಿ ಒಂದು ಕಿಲೋಮೀಟರ್ ನಡೆದು ಬಂದು ಕೇಳ್ತಿದ್ದಿದ್ದೂ ಅದನ್ನೇ ಅಲ್ವಾ? ಅವಳಿಗೆ ಇಲ್ಲ ಅಂದಿದ್ದು ಹಾಸ್ಟೆಲ್ ಅಲ್ಲ, ಸರ್ಕಾರ ಅಲ್ಲ. ನಾನು.

ಭಾಗ 8/8

ಫೋಟೋದಲ್ಲಿ: ಮೊದಲ ಭಾಗದ ಅದೇ ಸ್ಕ್ರೀನ್ ಟೈಮ್.

ಈಗ ನನ್ನ ಫೋನು ನನ್ನದೇ. ಬೆಳಿಗ್ಗೆ ಅಲಾರಾಂ ಅದರಲ್ಲಿ, ಬಸ್ ಎಲ್ಲಿದೆ ಅಂತ ಕೇಳೋದು ಅದರಲ್ಲಿ, ನೋಟ್ಸ್, ಸ್ಕಾಲರ್‌ಶಿಪ್ ಅರ್ಜಿ, ಟೀ ಕುಡಿದು 12 ರೂಪಾಯಿ ಕೊಡೋದು, ರಾತ್ರಿ ನಿದ್ದೆ ಬರದೇ ಇದ್ರೆ ನೋಡೋದು, ಎಲ್ಲ ಅದರಲ್ಲೇ. ಅಕ್ಕನಿಗೆ ಒಂದು ವಾರಕ್ಕೆ ಒಂದು ಗಂಟೆ ಸಿಗ್ತಿದ್ದಿದ್ದು ನನಗೆ ದಿನಕ್ಕೆ ಆರು ಗಂಟೆ. ಯಾರನ್ನೂ ಕೇಳಬೇಕಿಲ್ಲ.

ಸೈಬರ್‌ನಲ್ಲಿ ‘ಟೈಮ್ ಆಯ್ತು’ ಅಂತ ಹೇಳೋಕೆ ಅಣ್ಣ ಇದ್ದ. ಆಗಿನ ವೆಬ್ ಪುಟಗಳೂ ಕೆಳಗೆ ಒಂದು ಕಡೆ ಮುಗೀತಿದ್ವು, ಮುಂದಕ್ಕೆ ಬೇಕಂದ್ರೆ ಬಟನ್ ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ಅಮೆರಿಕದ ಡಿಸೈನರ್, ಪುಟ ಮುಗಿಯದ ಹಾಗೆ ಕೆಳಗೆ ಕೆಳಗೆ ತಾನಾಗೇ ಬರ್ತಾ ಇರೋ ವ್ಯವಸ್ಥೆ ರೂಪಿಸಿದ. ಆಮೇಲೆ ಅದಕ್ಕೆ ಆತನೇ ಪಶ್ಚಾತ್ತಾಪ ಪಟ್ಟ. ಆ ಸಂಜೆ ನನ್ನ ಕೈ ನಿಲ್ಲದೇ ಇದ್ದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಆದ್ರೆ ಸುಳ್ಳು ಹೇಳಿದ್ದು ಆ್ಯಪ್ ಅಲ್ಲ. ಹಾಗಾಗಿ ನಾನು ಅದರ ಹಿಂದೆ ಬಚ್ಚಿಟ್ಟುಕೊಳ್ಳಲ್ಲ.

ಗೆಳತಿಯ ಸುದ್ದಿ ಹೇಳಬೇಕಲ್ಲ. 2023ರಲ್ಲಿ ಅವಳು ಹೊರಗಿನಿಂದ ಎಸ್‌ಎಸ್‌ಎಲ್‌ಸಿ ಕಟ್ಟಿ ಪಾಸಾದಳು. ಲೆಕ್ಕದಲ್ಲಿ 71. ಈಗ ಹಗಲು ಟೈಲರಿಂಗ್, ರಾತ್ರಿ ತನ್ನದೇ ಫೋನಲ್ಲಿ ಪಿಯುಸಿ ಪಾಠ ಕೇಳ್ತಾಳೆ. ಹೋದ ವಾರ ಅವಳ ಮನೆಗೆ ಹೋಗಿ, ಆ ಸಂಜೆ ಚಾರ್ಜ್ ಇತ್ತು ಕಣೇ ಅಂದೆ. ಹೊಲಿಗೆ ನಿಲ್ಲಿಸಲಿಲ್ಲ. ‘ಗೊತ್ತಿತ್ತು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮ ಕಾಲೇಜಿನ ಹಳೇ ನೋಟ್ಸ್ ಇದ್ರೆ ಫೋಟೋ ತೆಗ್ದು ಕಳ್ಸು’ ಅಂದಳು. ಕಳಿಸ್ತಾ ಇದೀನಿ, ದಿನಾ ಹತ್ತು ಪುಟ.

ಈಗ ನಿಮಗೊಂದು ಕೆಲಸ. ಇವತ್ತು ಮನೇಲಿ ಕೇಳಿ: ನಮ್ಮನೆಗೆ ನೆಟ್ ಬಂದಿದ್ದು ಯಾವ ವರ್ಷ? ಮೊದಲು ಯಾರ ಕೈಲಿತ್ತು? ಯಾರು ಕೊನೆಗೆ ಮುಟ್ಟಿದ್ದು? ಇನ್ನೂ ಮುಟ್ಟದೇ ಇರೋರು ಯಾರು? ಅಮ್ಮಂದಿರನ್ನ, ಅಜ್ಜಿಯರನ್ನ ತಪ್ಪದೇ ಕೇಳಿ. ಬಂದ ಉತ್ತರ ಕೆಳಗೆ ಬರೀರಿ, ಊರಿನ ಹೆಸರು ಸೇರಿಸಿ, ಕನ್ನಡದಲ್ಲಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ನಮ್ಮ ಹಿಸ್ಟರಿ ಡಿಪಾರ್ಟ್‌ಮೆಂಟಿನ ಗೋಡೆಗೆ ಅಂಟಿಸ್ತೀನಿ.

ಮೊದಲನೇ ಸಾಲು ನನ್ನದು: ಸಾಗರ ತಾಲ್ಲೂಕು. 2016. ಅಣ್ಣನ ಕೈಲಿತ್ತು. ಅಮ್ಮ ಮೊದಲ ಸಲ ತಾನೇ ಮಳೆ ನೋಡಿಕೊಂಡಿದ್ದು 2022.

#ನೆಟ್_ಯಾರ_ಕೈಲಿತ್ತು #ನಮ್ಮನೆ_ಇತಿಹಾಸ #ಬಿಎ_ಹಿಸ್ಟರಿ